ಸದ್ದು ಸೋರದ ಕೋಣೆ

"ಆ ಕಿಂಡಿ ಒಂದನ್ನ ಮುಚ್ಚಬೇಡಪ್ಪ," ಎಂದಳು ಮುದುಕಿ.

ಏಣಿಯ ಮೇಲಿದ್ದ ಗಿಣಿ ಕೆಳಗೆ ನೋಡಿದ. ಎರಡು ಮನೆಗಳ ನಡುವಿನ ಓಣಿ ಎಷ್ಟು ಕಿರಿದೆಂದರೆ ಎದುರುಬದುರಾದವರಲ್ಲಿ ಒಬ್ಬರು ಹೊಟ್ಟೆ ಒಳಗೆಳೆದುಕೊಳ್ಳಲೇಬೇಕು. ಪಕ್ಕದ ಮನೆಯ ಹಿಂಬಾಗಿಲಲ್ಲಿ ಮುದುಕಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ನೆತ್ತಿಗೆ ನೇರವಾಗಿ, ಗಿಣಿ ಕೆಲಸಕ್ಕೆ ಬಂದಿದ್ದ ಈ ಮನೆಯ ಗೋಡೆಯಲ್ಲಿ, ಸೂರಿಗೆ ಕಚ್ಚಿಕೊಂಡಂತೆ ಅಂಗೈ ಅಗಲದ ಒಂದು ಗಾಳಿಕಿಂಡಿ. ಗಿಣಿಯ ಒಂದು ಕೈಯಲ್ಲಿ ಸದ್ದು ತಡೆಯುವ ಕಲ್ಲುನಾರಿನ ಉಂಡೆ, ಇನ್ನೊಂದರಲ್ಲಿ ರಬ್ಬರ್ ಅಂಟಿನ ಗನ್ನು.

"ಯಾಕಜ್ಜಿ? ಪಾರಿವಾಳಕ್ಕೆ ಬಾಡಿಗೆಗೆ ಕೊಟ್ಟಿದ್ದೀರಾ?"

"ಅಲ್ಲಿಂದ ನಮ್ಮಣ್ಣ ಆಚೆ ಬರ್ತಾನೆ."

"ಇಷ್ಟಗಲದ ಕಿಂಡಿಲಿ? ಭಾರಿ ಸಣ್ಣಗಿದ್ರು ಅನ್ನಿ."

ಮುದುಕಿ ನಗಲಿಲ್ಲ. ಅವಳು ಹೇಳಿದ್ದು ಇಷ್ಟು. ಅವಳ ಅಣ್ಣ ಈ ಮನೆಯ ಹಳೆಯ ಯಜಮಾನ, ಕಸುಬು ಹರಾಜು ಕೂಗುವುದು. ಅವನು 'ಒಂದನೇ ಸಲ' ಎಂದರೆ ಬೀದಿಯ ತುದಿಯಲ್ಲಿ ಮಲಗಿದ್ದ ಮಗು ಬೆಚ್ಚಿ ಅಳುತ್ತಿತ್ತು. 'ಮೂರನೇ ಸಲ' ಎಂದರೆ ಯಾರದೋ ಮನೆಯ ಮಂಚ, ಹೊಲಿಗೆಯಂತ್ರ, ತೊಟ್ಟಿಲು ಇನ್ಯಾರದೋ ಆಗುತ್ತಿತ್ತು. ಹಾಗೆ ತೊಟ್ಟಿಲು ಕಳೆದುಕೊಂಡವರೊಬ್ಬರು ಮಾಟಗಾರನ ಬಳಿಗೆ ಹೋದರು. ಒಂದು ಬೆಳಿಗ್ಗೆ ಅಣ್ಣ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಅವನ ಧ್ವನಿಯನ್ನು ಕಿತ್ತು ಮೇಲಿನ ಕೋಣೆಯ ಸೂರಿಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಅದರ ಕೆಳಗೇ, ಬಾಯಿ ತೆರೆದುಕೊಂಡೇ, ಅವನು ಸತ್ತ.

"ಸಂಜೆಯಾದ್ರೆ ನರಳುತ್ತೆ. ಕಿಂಡಿಲಿ ಆಚೆ ಬಂದು, ಸುಸ್ತಾಗಿ, ಸುಮ್ಮನಾಗುತ್ತೆ. ದಾರಿ ಕಟ್ಟಿದ್ರೆ ಅದು ಬಾಯಿ ಹುಡುಕುತ್ತೆ. ಬಾಯಿ ಸಿಕ್ರೆ, ಮಗಾ, ಅದು ಬರೀ..."

"ಬಾಯಿ ಶಿಕ್ರೆ, ಮಗಾ, ಅದು ಬರೀ..." ಎಂದ ಗಿಣಿ.

ಬೊಚ್ಚುಬಾಯಿಯ ಗಾಳಿ, ಒಸಡಿಗೆ ನಾಲಗೆ ತಾಗುವ ಪಚ ಪಚ, ಕೊನೆಯಲ್ಲಿ ಉಸಿರು ಮುರಿಯುವ ಆ ಸಣ್ಣ ಕೀರಲು, ಒಂದೂ ಬಿಡದೆ. ಏಣಿ ಹಿಡಿದಿದ್ದ ಭಾವಮೈದ ತಡೆಯಲಾರದೆ ನಕ್ಕ. ಆಮೇಲೆ ಮುದುಕಿಯ ಮುಖ ನೋಡಿ ನಗು ನುಂಗಿಕೊಂಡ. ಅವಳು ಹೇಳಬೇಕೆಂದಿದ್ದುದನ್ನು ಬಾಯಲ್ಲೇ ಬಿಟ್ಟು, ಕುರ್ಚಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಹೆದರಬೇಡಿ ಅಜ್ಜಿ," ಎಂದು ಗಿಣಿ ಬಾಗಿಲಿಗೆ ಕೂಗಿ ಹೇಳಿದ. "ಸೂರಿಗೆ ನಾಲ್ಕು ಸ್ಪೀಕರ್ ಹಾಕ್ತಿದ್ದೀವಿ. ನಿಮ್ಮಣ್ಣನಿಗೆ ಇನ್ಮುಂದೆ ಬಾಯಿಗೇನೂ ಬರ ಇಲ್ಲ!"

ಉಂಡೆಯನ್ನು ಕಿಂಡಿಗೆ ತುರುಕಿದ. ಗನ್ನಿನ ಮೂತಿಯಿಟ್ಟು ಅಂಟು ಹಿಂಡಿದ. ಕಿಂಡಿಯ ಒಳಗಿನಿಂದ ಬೆಚ್ಚಗಿನ ಗಾಳಿಯೊಂದು ಅವನ ಬೆರಳನ್ನು ಸವರಿ, ನಿಂತುಹೋಯಿತು.

*

ಗಿಣಿ ಎಂಬುದು ಅವನ ಹೆಸರಲ್ಲ, ಆದರೆ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಸಂಜೆಯೊಳಗೆ ಅದು ಅವನ ಗಂಟಲಲ್ಲಿ ಗೂಡು ಕಟ್ಟಿರುತ್ತಿತ್ತು. ಕಿವಿಯೂ ಹಾಗೇ. ಮುಚ್ಚಿದ ಬಾಗಿಲ ಹೊರಗೆ ನಿಂತು ಒಳಗೆ ಹಾಡುತ್ತಿರುವ ಸ್ಪೀಕರಿನ ಯಾವ ತಿರುಪು ಸಡಿಲವೆಂದು ಹೇಳಬಲ್ಲ ಕಿವಿ. ಶ್ರೀಮಂತರ ಮನೆಗಳಲ್ಲಿ ಹೋಮ್ ಥಿಯೇಟರ್ ಕೂರಿಸುವುದು ಅವನ ಕೆಲಸ. ಒಳಗಿನ ಗುಡುಗು ಒಳಗೇ ಉಳಿಯುವಂತೆ ಕೋಣೆಯನ್ನು ಕಟ್ಟುವುದು ಭಾವಮೈದನ ಕೆಲಸ.

ಭಾವಮೈದ ಅಂದರೆ ಹೆಂಡತಿಯ ತಮ್ಮ. ಗಡ್ಡದ ತುಂಬ ಜಿಪ್ಸಂ ಪುಡಿ ಮೆತ್ತಿಕೊಂಡು, ನಲವತ್ತಕ್ಕೇ ಎಪ್ಪತ್ತರ ಹಾಗೆ ಕಾಣುತ್ತಿದ್ದ ಗಟ್ಟಿ ಆಳು. ಆಳು ಗಟ್ಟಿ, ಧ್ವನಿ ಮಾತ್ರ ತೆಳು. ಮೂಗಿನಿಂದ ಹೊರಟು ವಾಕ್ಯದ ತುದಿಯಲ್ಲಿ ಗಾಜಿನ ಲೋಟದಂತೆ ಬಿರುಕು ಬಿಡುತ್ತಿತ್ತು. ಹಿಂದಿನ ವರ್ಷ ಅವನು ಏಣಿಯ ತುದಿಯಲ್ಲಿದ್ದಾಗ ಗಿಣಿ ಹಿಂದಿನಿಂದ ಮನೆಯ ಯಜಮಾನಿಯ ಧ್ವನಿಯಲ್ಲಿ "ಯಾರೋ ಅದು!" ಎಂದು ಗದರಿದ್ದ. ಭಾವಮೈದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಗಿಣಿಯ ಹೆಂಡತಿ ಪ್ರತಿ ಕೆಲಸಕ್ಕೂ ಮುಂಚೆ ಒಂದೇ ಮಾತು ಹೇಳುತ್ತಿದ್ದಳು.

"ನನಗೆ ಅಂತ ಇರೋದು ಅವನೊಬ್ಬ. ನಡ್ಕೊಂಡು ಹೋದವನು ನಡ್ಕೊಂಡೇ ವಾಪಸ್ ಬರಬೇಕು. ನಿನ್ನ ಆಟ ಎಲ್ಲ ಮನೇಲಿಟ್ಟು ಹೋಗು."

"ಮನೇಲಿಟ್ಟರೆ ನೀನು ಕೇಳಲ್ಲ, ಹೊರಗಿಟ್ಟರೆ ಅವನು ತಾಳಲ್ಲ. ಆಯ್ತು ಮಾರಾಯ್ತಿ, ಮಾತು ಕೊಟ್ಟೆ."

"ಯಾರ ಧ್ವನಿಲಿ?"

"ನನ್ನದೇ ಧ್ವನಿಲಿ."

ಈ ಬಾರಿಯ ಮನೆ ಒಬ್ಬ ಹಲ್ಲಿನ ಡಾಕ್ಟರದ್ದು. ಮೊದಲ ದಿನವೇ ಗಿಣಿ ಅವರನ್ನು ಗೆದ್ದುಬಿಟ್ಟಿದ್ದ. "ನಾವಿಬ್ರೂ ತೂತು ಕೊರೆಯೋರೇ ಸಾರ್. ನಾನು ಕೊರೆದ್ರೆ ಹಾಡು ಬರುತ್ತೆ, ನೀವು ಕೊರೆದ್ರೆ ಕೂಗು ಬರುತ್ತೆ." ಡಾಕ್ಟರು ಮೂವತ್ತೆರಡೂ ತೋರಿಸಿ ನಕ್ಕಿದ್ದರು. ಸ್ಪೀಕರುಗಳು ಗೋಡೆಯಲ್ಲಿ ಬೇಡ, ಕಣ್ಣಿಗೆ ಕಾಣದಂತೆ ಸೂರಿನಲ್ಲೇ ಇರಲಿ ಎಂಬುದು ಅವರ ಆಸೆ. "ಸ್ಪೀಕರ್ ಅಂದ್ಮೇಲೆ ಎಲ್ಲರಿಗಿಂತ ಮೇಲೇ ಕೂರಬೇಕು, ಸದಸ್ಯರು ಕೆಳಗೆ ಕೂತು ಕಿರುಚಬೇಕು," ಎಂದು ಗಿಣಿ ಸಭಾಧ್ಯಕ್ಷರ ಗತ್ತಿನಲ್ಲಿ ಕೆಮ್ಮಿ ತೋರಿಸಿದ.

ಕಿಂಡಿ ಮುಚ್ಚಿದ ದಿನವೇ ಹಳೆಯ ಸೂರಿನ ಹಲಗೆಗಳನ್ನು ಕಿತ್ತರು. ಧೂಳು ಸುರಿಯಿತು. ಧೂಳಿನ ಹಿಂದೆ ವಾಸನೆ ಬಂತು. ತುಕ್ಕಿನದು, ಒಣಗಿದ ಉಗುಳಿನದು, ಸುಟ್ಟ ಕೂದಲಿನದು. ಅಡ್ಡತೊಲೆಯೊಂದಕ್ಕೆ ಏನನ್ನೋ ಮೊಳೆ ಹೊಡೆದು ಸಿಕ್ಕಿಸಲಾಗಿತ್ತು. ಚಪ್ಪಲಿಯ ಬಾರಿನಷ್ಟು ಉದ್ದ, ಕಪ್ಪು, ಸುಕ್ಕು. ಭಾವಮೈದ ಟಾರ್ಚನ್ನು ಹತ್ತಿರ ಹಿಡಿದ.

"ಭಾವ, ಇದು ನಾಲಗೆ."

"ಒಣಗಿದ ಪಡವಲಕಾಯಿ ಇದ್ದೀತು ಕಣೋ."

"ತಮಾಷೆ ಬೇಡ. ಇದನ್ನ ಮುಟ್ಟೋದು ಬೇಡ. ಇದರ ಕೆಳಗೆ ಹಾಗೇ ಹಲಗೆ ಹೊಡೆದುಬಿಡ್ತೀನಿ. ಸ್ಪೀಕರ್ ಒಂದು ಮೊಳ ಪಕ್ಕಕ್ಕೆ ಹಾಕೋಣ."

ಒಂದು ಮೊಳ ಪಕ್ಕಕ್ಕೆ! ಗಿಣಿಗೆ ಅದು ಬೈಗುಳದಂತೆ ಕೇಳಿಸಿತು. ಕೂರುವವನ ಕಿವಿಯಿಂದ ದಾರ ಹಿಡಿದು, ಕೋನ ಅಳೆದು, ಸೂರಿನಲ್ಲಿ ಗುರುತು ಹಾಕುವುದು ಅವನ ಕ್ರಮ. ಒಂದು ಬೆರಳು ಆಚೀಚೆಯಾದರೂ ಮಳೆ ತಲೆಯ ಮೇಲೆ ಸುರಿಯದೆ ಪಕ್ಕದ ಸೋಫಾದ ಮೇಲೆ ಸುರಿಯುತ್ತದೆ. ದಾರ ಹಿಡಿದು ನೋಡಿದ. ಗುರುತು ನೇರವಾಗಿ ಆ ಮೊಳೆಯ ಮೇಲೇ ಬಿತ್ತು.

ಇಕ್ಕಳ ಹಾಕಿ ಎಳೆದ. ಮೊಳೆ ಬರಲಿಲ್ಲ. ತೊಲೆಗೆ ಮೊಣಕೈ ಊರಿ, ಹಲ್ಲು ಕಚ್ಚಿ ಎಳೆದ. ಕಿತ್ತು ಬಂದಾಗ ಮರ ಕಿರುಗುಟ್ಟಲಿಲ್ಲ. ಉಸಿರು ಬಿಟ್ಟಿತು. ಕಪ್ಪು ತೊಗಲು ಕೆಳಗೆ ಬಿದ್ದು, ಅವರು ನೋಡನೋಡುತ್ತಲೇ ಪುಡಿಯಾಗಿ, ನೆಲದ ಜಿಪ್ಸಂ ಧೂಳಿನಲ್ಲಿ ಕಲಸಿಹೋಯಿತು.

"ನೋಡಿದ್ಯಾ? ಮಾಟಾನೂ ಇಲ್ಲ, ಪಾಟಾನೂ ಇಲ್ಲ," ಎಂದ ಗಿಣಿ. ಆದರೆ ಅಂಗಿಯ ತೋಳಿಗೆ ಕೈಯನ್ನು ಎರಡು ಸಲ ಒರೆಸಿಕೊಂಡ.

*

ಕೆಲಸ ಸಾಗಿತು. ತೊಲೆಗಳಿಗೆ ಅದುರು ನುಂಗುವ ರಬ್ಬರಿನ ಗುಬುಟುಗಳು, ಗುಬುಟುಗಳಿಗೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಎರಡು ಪದರ ಜಿಪ್ಸಂ ಹಲಗೆ, ನಡುವೆ ಅಂಟು. ಹೊಸ ಸೂರು ಹಳೆಯದನ್ನು ಎಲ್ಲೂ ಮುಟ್ಟದೆ ತೂಗುತ್ತಿತ್ತು. ಮೇಲಿನ ಸಂದಿಗೆಲ್ಲ ಕಲ್ಲುನಾರಿನ ಹಾಸು. ನಾಲ್ಕು ದುಂಡು ತೂತು ಕೊರೆದು, ಪ್ರತಿಯೊಂದರ ಹಿಂದೆ ದಪ್ಪ ಡಬ್ಬಿ ಕೂರಿಸಿ, ಸ್ಪೀಕರ್ ಇಳಿಬಿಟ್ಟು, ಸುತ್ತ ಅಂಟು ಹಿಂಡಿದರು. ಗುಂಡುಸೂಜಿ ಹೋಗುವಷ್ಟು ಸಂದಿ ಉಳಿದರೂ ಅಷ್ಟರಿಂದಲೇ ಸದ್ದು ಸೋರುತ್ತದೆ. ಹಾಗಾಗಿ ಕೋಣೆಯಲ್ಲಿ ಗುಂಡುಸೂಜಿಗೂ ಜಾಗ ಉಳಿಯಲಿಲ್ಲ.

ಸದ್ದು ತೆಳುವಾಗುತ್ತ ಬಂತು. ಸುತ್ತಿಗೆಯ ಪೆಟ್ಟು ಬಿದ್ದಲ್ಲೇ ಸಾಯತೊಡಗಿತು. ಭಾವಮೈದನ ಗಂಟಲು ಕಟ್ಟಿತು. ಬೆಳಿಗ್ಗೆ ಸರಿಯಿದ್ದ ಧ್ವನಿ ಕೋಣೆಯಲ್ಲಿ ಕೆಲಸ ಮಾಡಿದಷ್ಟೂ ಸವೆದು, ಸಂಜೆಗೆ ಬರೀ ಗಾಳಿಯಾಗುತ್ತಿತ್ತು. "ಧೂಳು ಕಣೋ," ಎಂದ ಗಿಣಿ, ಭಾವಮೈದನ ಒಡಕು ಧ್ವನಿಯಲ್ಲೇ. ಭಾವಮೈದ ನಗಲಿಲ್ಲ. "ಭಾವ, ವೈರು ಕೊಡದೇ ಸ್ಪೀಕರು ಗುಂಯ್ ಅನ್ನುತ್ತಾ?" ಎಂದು ಕೇಳಿದ. ಗಿಣಿ ಏಣಿ ಹತ್ತಿ ಕಿವಿಯಿಟ್ಟ. ಏನೂ ಇಲ್ಲ. ಜಾಲರಿ ಮಾತ್ರ ತೇವವಾಗಿತ್ತು, ಯಾರೋ ಒಳಗಿನಿಂದ ಉಸಿರಾಡಿದಂತೆ.

ಕಡೆಯ ದಿನ ಉಳಿದದ್ದು ಒಂದು ಪರೀಕ್ಷೆ, ಒಂದು ಪರದೆ. ಪರದೆ ಹೊಲಿಯುವುದು ಗಿಣಿಯ ಹೆಂಡತಿಯ ಕಸುಬು. ಬಾಗಿಲಿಗೆ ಹಾಕುವ ದಪ್ಪ ಕರಿ ಪರದೆಯನ್ನು ಹೊತ್ತುಕೊಂಡು ಮಧ್ಯಾಹ್ನ ಅವಳೇ ಬರುವವಳಿದ್ದಳು. ಅಷ್ಟರಲ್ಲಿ ಪರೀಕ್ಷೆ ಮುಗಿಸೋಣವೆಂದ ಗಿಣಿ.

ಪರೀಕ್ಷೆ ಸುಲಭ. ಒಬ್ಬ ಒಳಗೆ ನಿಂತು ಜೀವ ಬಿಟ್ಟು ಕಿರುಚಬೇಕು. ಇನ್ನೊಬ್ಬ ಹೊರಗೆ ಸದ್ದು ಅಳೆಯುವ ಮೀಟರ್ ಹಿಡಿದು ನಿಲ್ಲಬೇಕು. ಬಾಗಿಲು ಅಂಗೈ ದಪ್ಪದ್ದು, ಸುತ್ತ ರಬ್ಬರಿನ ತುಟಿ. ಒಳಗಿನ ಹಿಡಿಯನ್ನು ಗಿಣಿ ಇನ್ನೂ ಹಾಕಿರಲಿಲ್ಲ. ಹಿಡಿಯ ತೂತೂ ಸದ್ದಿಗೆ ದಾರಿಯೇ. ಮೊದಲು ಅದಿಲ್ಲದೆ ಅಳೆದು, ಆಮೇಲೆ ಹಾಕಿ ಅಳೆದರೆ ಎಷ್ಟು ಸೋರಿತೆಂದು ಗೊತ್ತಾಗುತ್ತದೆ. ಆ ತೂತಿಗೆ ಅಂಟು ತುಂಬಿ ಒರೆಸಿದ.

"ಹಿಡಿ ಇಲ್ದೆ ನಾನ್ಹೇಗೆ ಆಚೆ ಬರೋದು?" ಎಂದ ಭಾವಮೈದ.

"ನಾನಿದೀನಲ್ಲ. ಹುಟ್ಟೋವಾಗ ನೀನೇ ಹಿಡಿ ತಿರುಗಿಸ್ಕೊಂಡು ಬಂದ್ಯಾ?"

"ಬೇಗ ತೆಗಿ ಭಾವ."

"ಕೂಗು, ಮಹಾರಾಯ. ನಿಮ್ಮಕ್ಕನ ಮೇಲಿರೋ ಸಿಟ್ಟೆಲ್ಲ ತೀರಿಸ್ಕೋ."

ಬಾಗಿಲು ಕೂತಿತು. ರಬ್ಬರಿನ ತುಟಿ ಹೀರಿಕೊಂಡಂತೆ ಚಪ್ಪೆಂದಿತು. ಒಳಗೆ ಕೆಲಸದ ಒಂಟಿ ದೀಪ, ಅದರಡಿ ಭಾವಮೈದ. ಹೊರಗೆ ಗಿಣಿ, ಮೀಟರು, ಹಲ್ಲಿನ ಡಾಕ್ಟರು.

ಮೀಟರಿನ ಅಂಕಿ ಅಲುಗಲಿಲ್ಲ.

"ಕೂಗ್ತಿದ್ದಾನಾ?" ಡಾಕ್ಟರು ಪಿಸುಗುಟ್ಟಿದರು.

"ಗಂಟಲು ಹರಿದುಕೊಳ್ತಿರ್ತಾನೆ ಸಾರ್. ಕೇಳ್ತಿದೆಯಾ?"

ಡಾಕ್ಟರು ಬಾಗಿಲಿಗೆ ಕಿವಿ ಹಚ್ಚಿದರು. ಮಗುವಿನಂತೆ ಮುಖ ಅರಳಿತು. "ಏನೂ ಇಲ್ಲ ಕಣ್ರೀ! ಒಂದು ಚೂರೂ ಇಲ್ಲ! ನನ್ನ ಕ್ಲಿನಿಕ್ಕಿಗೂ ಹೀಗೇ ಮಾಡಿಕೊಡಿ, ಹೊರಗೆ ಕೂತ ಪೇಷಂಟುಗಳು ಓಡಿಹೋಗಲ್ಲ."

ಗಿಣಿಗೆ ಖುಷಿ ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಕೂತ ಪೇಷಂಟು ಬಾಯಿ ತೆರೆದೇ ಅರಚುವುದನ್ನು ಮಾಡಿ ತೋರಿಸಿದ. ಡಾಕ್ಟರ ಹೆಂಡತಿ ಫೋನಿನಲ್ಲಿ ಬೈಯುವುದನ್ನೂ. ಡಾಕ್ಟರು ಗೋಡೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸ್ವಲ್ಪ ಹೊತ್ತು ಕೂಗಲಿ ಎಂದುಕೊಂಡ ಗಿಣಿ. ಅಂಕಿ ಇದ್ದಲ್ಲೇ ಇತ್ತು. ಬಾಗಿಲು ಗೋಡೆಯಂತೆ ಸುಮ್ಮನಿತ್ತು. ಇಂಥ ಮೌನವನ್ನು ಅವನು ಇದುವರೆಗೆ ಯಾವ ಮನೆಯಲ್ಲೂ ಕಟ್ಟಿರಲಿಲ್ಲ.

ಮೆಟ್ಟಿಲ ಮೇಲೆ ಕಾಲೆಳೆಯುವ ಸದ್ದಾಯಿತು. ಪಕ್ಕದ ಮನೆಯ ಮುದುಕಿ. ಏದುಸಿರು, ಕೆದರಿದ ತಲೆ, ಒಂದೇ ಕಾಲಲ್ಲಿ ಚಪ್ಪಲಿ.

"ಕಿಂಡಿ ಆಗ್ಲಿಂದ ಅದುರ್ತಿದೆ," ಎಂದಳು. "ಗೋಡೆಗೆ ಕೈಯಿಟ್ಟು ನೋಡ್ದೆ. ಗೋಡೆ ಅದುರ್ತಿದೆ. ಒಳಗ್ಯಾರಿದ್ದಾರೆ?"

"ನಮ್ಮ ಭಾವಮೈದ ಅಜ್ಜಿ. ಸಂಗೀತ ಅಭ್ಯಾಸ."

ಮುದುಕಿ ಅವನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. "ತೆಗಿಯೋ! ಬಾಗಿಲು ತೆಗಿಯೋ ಪಾಪಿ!"

ಆಗ ಗಿಣಿ ಬಾಗಿಲಿಗೆ ಅಂಗೈ ಊರಿದ. ಬಾಗಿಲು ನಡುಗುತ್ತಿತ್ತು. ಕೂಗಿಗೆ ನಡುಗುವ ಬಾಗಿಲಲ್ಲ ಅದು. ಯಾರೋ ಒಳಗಿನಿಂದ ಗುದ್ದುತ್ತಿದ್ದರು. ಮುಷ್ಟಿಯಿಂದಲ್ಲ, ತಲೆಯಿಂದ. ಅವನ ಅಂಗೈಗೆ ಅದು ಗೊತ್ತಾಗುತ್ತಿದ್ದಂತೆಯೇ ಗುದ್ದು ನಿಂತಿತು.

ಹಿಡಿ ತಿರುಗಿಸಿ ಒಳನುಗ್ಗಿದ. ಬಾಗಿಲು ಅವನ ಬೆನ್ನಿಗೆ ಬಡಿದು, ತಾನಾಗಿ ಮುಚ್ಚಿಕೊಂಡಿತು. ಡಾಕ್ಟರು ಹೊರಗಿನ ಹಿಡಿಯನ್ನು ತಿರುಗಿಸಿದರು, ಎರಡೂ ಕೈ ಹಾಕಿ ತಿರುಗಿಸಿದರು, ಹಿಡಿ ಅಲುಗಲಿಲ್ಲ.

"ಅದು ಬರೀ ಕಿತ್ಕೊಳ್ಳಲ್ಲ!" ಮುದುಕಿ ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಕಿರುಚಿದಳು. "ನಿನ್ನ ಧ್ವನಿ ಕಿತ್ಕೊಂಡು ತನ್ನದನ್ನ ನಿನ್ನ ಗಂಟಲಿಗೆ ತುರುಕುತ್ತೆ! ಕಿವಿ ನಂಬಬೇಡ ಮಗಾ! ಕೇಳಿಸಿದ್ದನ್ನ ನಂಬಬೇಡ!"

ಆ ಬಾಗಿಲನ್ನು ಗಿಣಿಯೇ ಆರಿಸಿ ತಂದಿದ್ದ. ಒಂದಕ್ಷರವೂ ಒಳಗೆ ಹೋಗಲಿಲ್ಲ.

*

ಕತ್ತಲು. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂಥ ಕತ್ತಲು.

ಕಾಲಡಿ ಗಾಜು. ದೀಪ ಒಡೆದಿತ್ತು. ಗಾಜಿನ ನಡುವೆ ಇನ್ನೇನೋ ಸಣ್ಣಗೆ, ಗಟ್ಟಿಯಾಗಿ, ಅಕ್ಕಿಯಲ್ಲಿ ಸಿಕ್ಕ ಕಲ್ಲಿನಂತೆ. ಗಿಣಿ ಕಾಲಿನಿಂದಲೇ ತಡವಿದ. ಹಲ್ಲುಗಳು.

"ಎಲ್ಲಿದ್ದೀಯೋ?" ಎಂದ. ಮಾತು ತುಟಿಯಾಚೆ ಬಿದ್ದು ಅಲ್ಲೇ ಸತ್ತಿತು. ಪ್ರತಿಧ್ವನಿಯೇ ಇಲ್ಲದ ಕೋಣೆ. ತನ್ನ ರಕ್ತ ಕಿವಿಯಲ್ಲಿ ಹರಿಯುವುದು ಕೇಳುತ್ತಿತ್ತು. ತುಕ್ಕು ನಾರುತ್ತಿತ್ತು. ಬಿಸಿ ರಕ್ತ ನಾರುತ್ತಿತ್ತು.

"ಭಾವಾ!"

ಮೇಲಿನಿಂದ. ತೆಳು ಧ್ವನಿ, ಮೂಗಿನದು, ತುದಿಯಲ್ಲಿ ಬಿರುಕು.

"ಭಾವಾ, ಮೇಲೆ! ನನ್ನನ್ನ ಅದು ಹಲಗೆ ಮೇಲಕ್ಕೆ ಎಳ್ಕೊಂಡಿದೆ! ಉಸಿರು ಕಟ್ತಿದೆ ಭಾವಾ!"

"ಬಂದೆ! ಬಂದೆ ಕಣೋ!" ಏಣಿಗಾಗಿ ಕೈ ಚಾಚಿದ. ಆಗ ನೆಲದಲ್ಲಿ ಏನೋ ತೆವಳಿತು. ಒದ್ದೆ ಕೈಯೊಂದು ಅವನ ಕಣಕಾಲನ್ನು ಹಿಡಿಯಿತು.

"ಭಾವ."

ಈ ಧ್ವನಿ ಕೆಳಗಿನದು. ಭಾರಿ, ಒರಟು, ಎದೆಯ ಗುಂಡಿಯಿಂದ ಏಳುವಂಥದು. ಬೀದಿಯ ಆ ತುದಿಯಿಂದ ಈ ತುದಿಗೆ ಕೂಗಿ ಕೂಗಿ ಒರಟಾದ ಗಂಟಲು. "ಭಾವ, ಮೇಲೆ ಹೋಗಬೇಡ. ನಾನಿಲ್ಲಿದ್ದೀನಿ. ಅದು ನನ್ನ ಗಂಟಲು ಕಿತ್ಕೊಂಡಿದೆ."

ಮುದುಕಿ ಹೇಳಿದ ಆ ಧ್ವನಿಯೇ ಇದು. ಹರಾಜುಗಾರ!

ಕಾಲು ಕೊಡವಿದ. ಕೈ ಬಿಡಲಿಲ್ಲ. ಒದ್ದ. ಎಲುಬಿಗೆ ಬಡಿದ ಸದ್ದು. ಕೈ ಆಗಲೂ ಬಿಡಲಿಲ್ಲ.

"ಬಿಡಬೇಡ ಅದನ್ನ!" ಮೇಲಿನಿಂದ ತೆಳು ಧ್ವನಿ ಅತ್ತಿತು. "ಅದೇ ಭಾವಾ ಅದು! ಕೊಲ್ಲು! ಇಲ್ದಿದ್ರೆ ನಾನು ಸತ್ತೆ!"

"ಅದು ಸುಳ್ಳು!" ಕೆಳಗಿನಿಂದ ಗುಡುಗು. "ನಾನು ಕಣೋ! ನನ್ನ ಮುಟ್ಟಿ ನೋಡು!"

"ನಿಮ್ಮಕ್ಕ ನಿನ್ನ ಏನಂತ ಕರೀತಾಳೆ?" ಗಿಣಿ ಕಿರುಚಿದ. "ಹೇಳು! ಏನಂತ ಕರೀತಾಳೆ?"

"ಕೂಸು," ಎಂದಿತು ಮೇಲಿನದು.

"ಕೂಸು," ಎಂದಿತು ಕೆಳಗಿನದು.

ಒಟ್ಟಿಗೇ. ಒಂದೇ ಉಸಿರಿನಲ್ಲಿ. ಧ್ವನಿಯ ಜೊತೆಗೆ ಆ ಧ್ವನಿ ಕಲಿತದ್ದೆಲ್ಲ ಹೋಗಿರಬಹುದೆಂದು ಗಿಣಿಗೆ ಹೊಳೆಯಲಿಲ್ಲ. ಅವನಿಗೆ ಕೇಳಿಸಿದ್ದು ತೆಳುವಾದದ್ದೊಂದೇ. ಜೀವಮಾನವಿಡೀ ಅವನು ಜನರನ್ನು ಗುರುತಿಸಿದ್ದು ಕಿವಿಯಿಂದ. ಆ ಬಿರುಕು ಅವನಿಗೆ ಗೊತ್ತು. ಅದನ್ನು ಅಣಕಿಸಿ ಅಣಕಿಸಿ ತನ್ನ ಗಂಟಲಿಗೇ ರೂಢಿ ಮಾಡಿಕೊಂಡಿದ್ದ. ಅದು ಅವನೇ. ಸಂಶಯವೇ ಇಲ್ಲ.

ಸೂರು ಬಿರಿಯಿತು. ತಂತಿಯೊಂದು ಇಳಿದು ಅವನ ಕುತ್ತಿಗೆಗೆ ಸುತ್ತಿಕೊಂಡಿತು. ಸ್ಪೀಕರಿನ ತಂತಿ, ಅವನೇ ಎಳೆದದ್ದು. ಬಿಗಿಯಿತು. ಹಿಮ್ಮಡಿ ನೆಲ ಬಿಟ್ಟಿತು. ಕಣ್ಣಲ್ಲಿ ಕೆಂಪು ಚಕ್ರಗಳು. ಕೆಳಗಿದ್ದವನು ಎದ್ದ. ಎರಡೂ ತೋಳಿನಿಂದ ಗಿಣಿಯ ಸೊಂಟವನ್ನು ಅಪ್ಪಿ ಮೇಲಕ್ಕೆತ್ತಿದ, ತಂತಿ ಸಡಿಲವಾಗಲೆಂದು. ಗಿಣಿಗೆ ಅದು ಹಾಗೆ ತಿಳಿಯಲಿಲ್ಲ. ಭೂತ ತನ್ನನ್ನು ನೇಣಿಗೆ ಎತ್ತುತ್ತಿದೆ ಎಂದುಕೊಂಡ.

ಸೊಂಟದ ಪಟ್ಟಿಗೆ ಕೈ ಹೋಯಿತು. ಜಿಪ್ಸಂ ಕೊರೆಯುವ ಗರಗಸ. ಗೇಣುದ್ದ. ತುದಿ ಚೂಪು.

ಹೊಡೆದ.

ಮೆತ್ತಗಿನದಕ್ಕೆ ಇಳಿಯಿತು. ಎಳೆದ. ಹಲ್ಲುಹಲ್ಲಿನ ಅಲಗು ಸುಮ್ಮನೆ ಬರಲಿಲ್ಲ, ಕಿತ್ತುಕೊಂಡು ಬಂತು. ಮತ್ತೆ ಹೊಡೆದ.

"ಭಾವ!" ಎಂದಿತು ಒರಟು ಧ್ವನಿ.

ಹೊಡೆದ. ಬಿಸಿ ಮುಖಕ್ಕೆ ಚಿಮ್ಮಿತು. ಬಾಯೊಳಗೆ ಹೋಯಿತು. ಉಪ್ಪು.

"ಕುತ್ತಿಗೆಗೆ ಭಾವಾ! ಕುತ್ತಿಗೆಗೆ!" ಮೇಲಿನಿಂದ ತೆಳು ಧ್ವನಿ.

ಕುತ್ತಿಗೆಗೆ ಹೊಡೆದ. ಎಳೆದ. ಹೊಡೆದ. ಒರಟು ಧ್ವನಿ ಗೊರಗೊರ ಎಂದಿತು. ಗುಳ್ಳೆ ಒಡೆಯಿತು. ಅಪ್ಪಿದ್ದ ತೋಳು ಆಗಲೂ ಅವನನ್ನು ಎತ್ತಿಯೇ ಹಿಡಿದಿತ್ತು. ಆಮೇಲೆ ಸಡಿಲಿತು. ಇಬ್ಬರೂ ಕೆಳಗೆ ಬಿದ್ದರು. ತಂತಿ ಹರಿಯಿತು.

ಮೌನ.

"ಕೂಸು," ಎಂದ ಗಿಣಿ. "ಮುಗೀತು. ಮುಗಿಸ್ದೆ ಕಣೋ. ಬಾ, ಇಳಿದು ಬಾ."

ಏಳಲು ನೋಡಿದ. ಕೆಳಗೆ ಕೈ ಊರಿದ. ಕೈಗೆ ಗಡ್ಡ ಸಿಕ್ಕಿತು. ಗಡ್ಡದ ತುಂಬ ಪುಡಿ, ರಕ್ತದಲ್ಲಿ ಕಲಸಿ ಸಿಮೆಂಟಿನಂತಾಗಿತ್ತು. ಇಲ್ಲ. ಇಲ್ಲ. ಕೈ ಕೆಳಗಿಳಿಯಿತು. ಸೊಂಟಕ್ಕೆ ಬಿಗಿದ ಪಟ್ಟಿ, ಭಾವಮೈದ ಮೂಳೆ ಕೂಡಿದ ಮೇಲೂ ಬಿಚ್ಚದೆ ಹಾಕಿಕೊಳ್ಳುತ್ತಿದ್ದ ದಪ್ಪ ಪಟ್ಟಿ.

ಸೂರಿನ ನಾಲ್ಕೂ ಬಾಯಿ ಒಟ್ಟಿಗೆ ಉಸಿರೆಳೆದವು. ಭಾವಮೈದನ ತೆಳು, ಒಡಕು, ಪ್ರೀತಿಯ ಧ್ವನಿಯಲ್ಲಿ, ನಿಧಾನವಾಗಿ ಕೂಗಿದವು.

"ಒಂದನೇ ಸಲ."

"ಬೇಡ," ಎಂದ ಗಿಣಿ.

"ಎರಡನೇ ಸಲ."

ಬಾಗಿಲಿಗೆ ಓಡಿದ. ಹಿಡಿಯಿಲ್ಲದ ಜಾಗದಲ್ಲಿ ಉಗುರು ಮುರಿಯಿತು.

"ಮೂರನೇ ಸಲ."

ಏನೋ ಅವನ ಬಾಯೊಳಗೆ ಇಳಿಯಿತು. ಗಂಟಲ ಬುಡವನ್ನು ಇಕ್ಕಳದಂತೆ ಕಚ್ಚಿ ಹಿಡಿಯಿತು. ಎಳೆಯಿತು. ಬೇರಿನ ಸಮೇತ ಎಳೆಯಿತು. ಖಾಲಿಯಾದ ಜಾಗಕ್ಕೆ ಇನ್ನೊಂದನ್ನು ತುರುಕಿತು. ಅದು ಇನ್ನೂ ಬೆಚ್ಚಗಿತ್ತು.

*

ಬಾಗಿಲನ್ನು ಹೊರಗಿನಿಂದ ತೆರೆದದ್ದು ಅವನ ಹೆಂಡತಿ. ಹಿಡಿ ಈಗ ಸರಾಗವಾಗಿ ತಿರುಗಿತು. ಹೆಗಲ ಮೇಲೆ ಮಡಿಸಿದ ಕರಿ ಪರದೆ. ಹಿಂದೆ ಡಾಕ್ಟರು. ಅವರ ಹಿಂದೆ ಗೋಡೆಗೆ ಒರಗಿ ಕುಸಿದ ಮುದುಕಿ. ಮಧ್ಯಾಹ್ನದ ಬೆಳಕು ನೇರವಾಗಿ ಒಳಗೆ ಬಿತ್ತು.

ಅವಳು ತಮ್ಮನನ್ನು ನೋಡಿದಳು. ಕುತ್ತಿಗೆಯನ್ನು ನೋಡಿದಳು. ಆಮೇಲೆ ಅವನ ಪಕ್ಕ ಮಂಡಿಯೂರಿದ್ದ ಗಂಡನನ್ನು, ಅವನ ಮುಷ್ಟಿಯಲ್ಲಿದ್ದ ಗರಗಸವನ್ನು. ಪರದೆ ಜಾರಿ ಬಿತ್ತು.

ಕತ್ತಲಲ್ಲಿ ಗೊತ್ತಾಗಲಿಲ್ಲ ಎಂದು ಹೇಳಲು ಗಿಣಿ ಬಾಯಿ ತೆರೆದ.

"ಕತ್ತಲಲ್ಲಿ ಗೊತ್ತಾಗ್ಲಿಲ್ಲ ಕಣೇ..."

ತೆಳು ಧ್ವನಿ. ಮೂಗಿನದು. ತುದಿಯಲ್ಲಿ ಬಿರುಕು.

ಅವಳು ಚಕ್ಕನೆ ತಮ್ಮನ ಬಾಯಿ ನೋಡಿದಳು, ಬದುಕಿದ್ದಾನೆಂಬ ಆಸೆಯಿಂದ. ಅದು ಅಲುಗಲಿಲ್ಲ. ಮೆಲ್ಲಗೆ ಗಂಡನ ಬಾಯಿಯತ್ತ ತಿರುಗಿದಳು.

"ನಾನಲ್ಲ," ಎಂದ ಅವನು ಅವಳ ತಮ್ಮನ ಧ್ವನಿಯಲ್ಲಿ. "ಆಟ ಅಲ್ಲ ಇದು. ನನ್ನ ಧ್ವನಿ ಅದು ತಗೊಂಡಿದೆ. ನಿನ್ನಾಣೆಗೂ..."

"ಈಗಲೂ?" ಎಂದಳು ಅವಳು. "ಅವನನ್ನ ಕೊಯ್ದು ಹಾಕಿ, ಅವನ ಥರಾನೇ ಮಾತಾಡಿ ತೋರಿಸ್ತೀಯಾ? ನನಗೆ?"

"ಅಮ್ಮಾ, ಅವನಲ್ಲ, ಅದು..." ಮುದುಕಿ ಏಳಲು ನೋಡಿದಳು.

ಆಗ ಸೂರು ಮಾತಾಡಿತು. ಗಿಣಿಯದೇ ಧ್ವನಿ. ಅವಳನ್ನು ರೇಗಿಸುವಾಗಿನ ಅದೇ ತುಂಟತನ, ಅದೇ ನಗು.

"ಹೌದು ಕಣೇ. ನಾನೇ ಕೊಂದೆ. ಥೇಟ್ ಅವನ ಹಾಗೇ ಇತ್ತಾ?"

ಅವಳು ಮೇಲೆ ನೋಡಲಿಲ್ಲ. ಆ ಧ್ವನಿ ಯಾರದೆಂದು ನೋಡಿ ತಿಳಿಯಬೇಕಾದ ಅಗತ್ಯ ಅವಳಿಗಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದಳು. ಗಿಣಿ ರಕ್ತದ ಮೇಲೆ ಜಾರುತ್ತ, ಎದ್ದು, ಬೀಳುತ್ತ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಇಡೀ ಮೈಭಾರ ಹಾಕಿ ಅದನ್ನು ನೂಕಿದಳು. ರಬ್ಬರಿನ ತುಟಿ ಚಪ್ಪೆಂದು ಕೂಡಿತು.

ಒಳಗೆ ಅವನು ಬಾಗಿಲು ಬಡಿದ. "ಏನೇ!" ಎಂದು ಕೂಗಿದ. ಅವಳನ್ನು ಹೆಸರು ಹಿಡಿದು ಕೂಗಿದ. ಮೇಲೆ ಸೂರು ತುಟಿ ಚಪ್ಪರಿಸಿತು, ತಂತಿಗಳು ಒಂದೊಂದಾಗಿ ಇಳಿಯತೊಡಗಿದವು. ಕಡೆಗೆ, ತನಗೆ ಉಳಿದಿದ್ದ ಆ ಒಂದೇ ಧ್ವನಿಯಿಂದ, ಜೀವವನ್ನೆಲ್ಲ ಬಾಯಿಗೆ ತಂದುಕೊಂಡು, "ಅಕ್ಕಾ!" ಎಂದು ಕೂಗಿದ. "ಅಕ್ಕಾ! ಅಕ್ಕಾ!"

ಹೊರಗೆ ಅವಳು ಅದೇ ಬಾಗಿಲಿಗೆ ಬೆನ್ನು ಕೊಟ್ಟು, ಕರಿ ಪರದೆಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ತಮ್ಮ ಒಮ್ಮೆ, ಒಂದೇ ಒಂದು ಸಲ ಅಕ್ಕಾ ಎಂದು ಕರೆದರೆ ತನ್ನ ಜೀವವನ್ನೇ ಕೊಟ್ಟೇನು ಎಂದು ಅವಳಿಗೆ ಅನ್ನಿಸುತ್ತಿತ್ತು. ಓಣಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಬೇರೇನೂ ಕೇಳಿಸಲಿಲ್ಲ.